ಒಳಹೊಕ್ಕ ವೈರಸ್ಸನ್ನು ಜೀವಕೋಶ ಗುರುತಿಸುವುದು ಹೇಗೆ?

ಜ್ವರ ಬಂದರೆ ನಾವು ವೈರಸ್ಸನ್ನು ದೂರುತ್ತೇವೆ. ಆದರೆ ಆ ಮೈಕೈ ನೋವು, ಸುಸ್ತಿನಲ್ಲಿ ದೊಡ್ಡ ಪಾಲು ನಮ್ಮ ದೇಹವೇ ತಯಾರಿಸುವ ಇಂಟರ್‌ಫೆರಾನ್ ಮುಂತಾದ ರಕ್ಷಕ ವಸ್ತುಗಳದ್ದು. ಇಂಟರ್‌ಫೆರಾನನ್ನು 1957ರಲ್ಲಿ ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಎಂಬ ವಿಜ್ಞಾನಿಗಳು ಕಂಡುಹಿಡಿದರು. ಅದನ್ನು ತಯಾರಿಸಬೇಕೆಂದು ಜೀವಕೋಶಕ್ಕೆ ತಿಳಿಯುವುದು ಹೇಗೆ? ಚಿಕನ್ ಪಾಕ್ಸ್, ಹರ್ಪಿಸ್‌ನಂತಹ ಡಿಎನ್‌ಎ ವೈರಸ್‌ಗಳ ಮಟ್ಟಿಗೆ ಇದಕ್ಕೆ ಸ್ಪಷ್ಟ ಉತ್ತರ ದೊರೆತದ್ದು ಈ ಶತಮಾನದಲ್ಲಿ.

ವೈರಸ್ಸಿನ ಡಿಎನ್‌ಎಯೂ ನಮ್ಮ ಡಿಎನ್‌ಎಯೂ ರಾಸಾಯನಿಕವಾಗಿ ಒಂದೇ ವಸ್ತು. ಆದ್ದರಿಂದ ಕೋಶವು ಮುಖ್ಯವಾಗಿ ಗಮನಿಸುವುದು ಅದು ಯಾರದು ಎಂಬುದನ್ನಲ್ಲ, ಎಲ್ಲಿದೆ ಎಂಬುದನ್ನು. ನಮ್ಮ ಡಿಎನ್‌ಎ ಇರುವುದು ಕೋಶಕೇಂದ್ರದೊಳಗೆ, ಸ್ವಲ್ಪ ಮೈಟೊಕಾಂಡ್ರಿಯದಲ್ಲಿ. ಹೊರಗಿನ ಕೋಶರಸದಲ್ಲಿ ಅದು ಕಂಡರೆ ಏನೋ ಅನಾಹುತವಾಗಿದೆ ಎಂದರ್ಥ. ರಾತ್ರಿ ಅಂಗಳದಲ್ಲಿ ಆಳು ಕಂಡೊಡನೆ ನಾಯಿ ಬೊಗಳುತ್ತದೆ. ಕಳ್ಳನೋ ಮನೆಯವನೋ ಎಂಬ ವಿಚಾರಣೆ ಆಮೇಲೆ.

ಈ ಕಾವಲುಗಾರನ ಹೆಸರು ಸಿ-ಗ್ಯಾಸ್. ಅಮೆರಿಕದ ಡಲ್ಲಾಸ್‌ನಲ್ಲಿ ಜೇಮ್ಸ್ ಚೆನ್ ಅವರ ತಂಡ 2013ರಲ್ಲಿ ಇದನ್ನು ಪತ್ತೆಹಚ್ಚಿತು. ಚೆನ್ ಅವರಿಗೆ 2024ರಲ್ಲಿ ಲಾಸ್ಕರ್ ಪ್ರಶಸ್ತಿ ಬಂದಿತು. ಡಿಎನ್‌ಎ ತಗುಲಿದೊಡನೆ ಸಿ-ಗ್ಯಾಸ್ ಒಂದು ಪುಟ್ಟ ಸಂದೇಶವಾಹಕ ಅಣುವನ್ನು ತಯಾರಿಸುತ್ತದೆ. 2008ರಲ್ಲೇ ಗುರುತಿಸಲಾಗಿದ್ದ ಸ್ಟಿಂಗ್ ಎಂಬ ಪ್ರೋಟೀನನ್ನು ಅದು ಎಚ್ಚರಿಸುತ್ತದೆ. ಅಲ್ಲಿಂದ ಇಂಟರ್‌ಫೆರಾನ್ ತಯಾರಿಕೆ ಶುರು. ಅಕ್ಕಪಕ್ಕದ ಕೋಶಗಳಿಗೂ ಎಚ್ಚರಿಕೆ ಮುಟ್ಟುತ್ತದೆ. ವೈರಸ್ಸೂ ಸುಮ್ಮನಿರುವುದಿಲ್ಲ. ಸಿಡುಬಿನ ಲಸಿಕೆಗೆ ಬಳಸಿದ ವ್ಯಾಕ್ಸೀನಿಯಾ ವೈರಸ್ಸಿನ ಬಳಿ ಆ ಸಂದೇಶದ ಅಣುವನ್ನೇ ತುಂಡರಿಸುವ ಕಿಣ್ವವಿದೆ ಎಂದು 2019ರಲ್ಲಿ ತಿಳಿದುಬಂತು.

ರೋಗನಿರೋಧಕ ಶಕ್ತಿ ಹೆಚ್ಚಿಸುತ್ತೇವೆಂಬ ಜಾಹೀರಾತುಗಳು ಹೇಳದ ಒಂದು ಮಾತಿದೆ: ಈ ಕಾವಲು ಅತಿಯಾದರೂ ಅಪಾಯವೇ. ಕೋಶದಲ್ಲಿ ಬಿದ್ದ ಡಿಎನ್‌ಎ ಚೂರುಗಳನ್ನು ಗುಡಿಸುವ ಟ್ರೆಕ್ಸ್-1 ಎಂಬ ಕಿಣ್ವವು ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಆಗ ಸ್ವಂತ ಡಿಎನ್‌ಎಯನ್ನೇ ವೈರಸ್ಸೆಂದು ತಿಳಿದು ದೇಹವು ಎಡೆಬಿಡದೆ ಇಂಟರ್‌ಫೆರಾನ್ ಸುರಿಸುತ್ತದೆ, ಎಳೆಯ ಮೆದುಳಿಗೆ ಹಾನಿಯಾಗುತ್ತದೆ. 1984ರಲ್ಲಿ ಫ್ರಾನ್ಸಿನ ಇಬ್ಬರು ವೈದ್ಯರು ವರ್ಣಿಸಿದ ಈ ವಿರಳ ಕಾಯಿಲೆಗೆ ಐಕಾರ್ಡಿ-ಗುಟಿಯೇರ್ ಸಿಂಡ್ರೋಮ್ ಎನ್ನುತ್ತಾರೆ. ಟ್ರೆಕ್ಸ್-1ರ ದೋಷ ಇದಕ್ಕೊಂದು ಕಾರಣವೆಂದು ಗೊತ್ತಾದದ್ದು 2006ರಲ್ಲಿ. ನೋಡಲು ಗರ್ಭದಲ್ಲೇ ತಗುಲಿದ ಸೋಂಕಿನಂತೆ ಕಾಣುವುದರಿಂದ ತಾಯಂದಿರು ತಮ್ಮನ್ನೇ ಹಳಿದುಕೊಳ್ಳುವ ಸಂಭವವುಂಟು. ಆದರೆ ಹುಡುಕಿದರೆ ಅಲ್ಲಿ ಯಾವ ವೈರಸ್ಸೂ ಇರುವುದಿಲ್ಲ. ಇಂಟರ್‌ಫೆರಾನಿನ ಸಂದೇಶವನ್ನು ತಡೆಯುವ ಬ್ಯಾರಿಸಿಟಿನಿಬ್ ಮಾತ್ರೆಯಿಂದ ಕೆಲವು ಮಕ್ಕಳಲ್ಲಿ ಸುಧಾರಣೆ ಕಂಡುಬಂದುದನ್ನು ವೈದ್ಯರು 2020ರಲ್ಲಿ ವರದಿ ಮಾಡಿದ್ದಾರೆ.