ನಿಮಗಿದು ಗೊತ್ತೆ? ಗಲ್ಲು ಶಿಕ್ಷೆ ಕೈಬಿಟ್ಟ ಮೊದಲ ರಾಜ್ಯ ಟಸ್ಕನಿ

● ಆಧುನಿಕ ಕಾಲದಲ್ಲಿ ಮರಣದಂಡನೆಯನ್ನು ಕಾನೂನಿನ ಮೂಲಕವೇ ಪೂರ್ತಿಯಾಗಿ ರದ್ದುಮಾಡಿದ ಮೊದಲ ರಾಜ್ಯ ಟಸ್ಕನಿ. ಈಗ ಇಟಲಿಯ ಭಾಗವಾಗಿರುವ ಇದು ಆಗ ಫ್ಲಾರೆನ್ಸ್ ರಾಜಧಾನಿಯಾಗಿದ್ದ ಪ್ರತ್ಯೇಕ ಸಂಸ್ಥಾನ. ದೊರೆ ಪೀಟರ್ ಲಿಯೊಪೋಲ್ಡ್ 1786ರ ನವೆಂಬರ್ 30ರಂದು ಹೊಸ ದಂಡಸಂಹಿತೆ ಹೊರಡಿಸಿದ. ಆರೋಪಿಗಳಿಗೆ ಚಿತ್ರಹಿಂಸೆ ಕೊಡುವ ಪದ್ಧತಿಯೂ ಅದರೊಂದಿಗೆ ಕೊನೆಗೊಂಡಿತು.

● ಇದಕ್ಕೆ ಪ್ರೇರಣೆ, ಮಿಲಾನಿನ ಚೆಸಾರೆ ಬೆಕಾರಿಯಾ 1764ರಲ್ಲಿ ಹೆಸರು ಹಾಕಿಕೊಳ್ಳದೆ ಪ್ರಕಟಿಸಿದ ಪುಟ್ಟ ಪುಸ್ತಕ. ಅಪರಾಧ ತಡೆಯುವುದು ಶಿಕ್ಷೆಯ ಕ್ರೌರ್ಯವಲ್ಲ, ಶಿಕ್ಷೆ ತಪ್ಪದು ಎಂಬ ಖಾತರಿ ಎಂಬುದು ಅವನ ವಾದ.

● ಸುಧಾರಣೆ ಬಹುಕಾಲ ಉಳಿಯಲಿಲ್ಲ. 1790ರಲ್ಲಿ ಲಿಯೊಪೋಲ್ಡ್ ಚಕ್ರವರ್ತಿ ಪಟ್ಟಕ್ಕಾಗಿ ವಿಯೆನ್ನಾಗೆ ತೆರಳಿದ. ಗಲಭೆಗಳ ನೆಪದಲ್ಲಿ ಅದೇ ವರ್ಷ ಕೆಲವು ಅಪರಾಧಗಳಿಗೆ ಮರಣದಂಡನೆ ಮರಳಿತು. ಅದು ಮತ್ತೆ ರದ್ದಾದದ್ದು 1859ರಲ್ಲಿ.

● 1861ರಲ್ಲಿ ಇಟಲಿ ಒಂದಾದಾಗ ವಿಚಿತ್ರ ಸನ್ನಿವೇಶ ಎದುರಾಯಿತು. ದೇಶದ ಉಳಿದೆಡೆ ಗಲ್ಲಿಗೇರಿಸಬಹುದಾದ ಕೊಲೆಗೆ ಟಸ್ಕನಿಯಲ್ಲಿ ಮಾತ್ರ ಆ ಶಿಕ್ಷೆ ಇರಲಿಲ್ಲ! 1889ರ ದಂಡಸಂಹಿತೆ ಈ ವ್ಯತ್ಯಾಸ ಅಳಿಸಿ, ಸಾಮಾನ್ಯ ಅಪರಾಧಗಳಿಗೆ ಇಡೀ ದೇಶದಲ್ಲಿ ಮರಣದಂಡನೆಯನ್ನು ಕೈಬಿಟ್ಟಿತು.

● ಮುಸೊಲಿನಿ ಸರ್ಕಾರ 1926ರಲ್ಲಿ ಅದನ್ನು ಮರಳಿ ತಂದಿತು. 1948ರ ಸಂವಿಧಾನ ಯುದ್ಧಕಾಲದ ಸೇನಾ ಕಾನೂನುಗಳಿಗೆ ಮಾತ್ರ ವಿನಾಯಿತಿ ಕೊಟ್ಟು ನಿಷೇಧಿಸಿತು. 2007ರಲ್ಲಿ ಆ ವಿನಾಯಿತಿಯೂ ಹೋಯಿತು.

● 1786ರ ಆ ತೀರ್ಮಾನದ ನೆನಪಿಗಾಗಿ ಟಸ್ಕನಿಯ ಜನ ಇಂದಿಗೂ ನವೆಂಬರ್ 30ನ್ನು ತಮ್ಮ ಪ್ರಾಂತ್ಯದ ಹಬ್ಬವಾಗಿ ಆಚರಿಸುತ್ತಾರೆ.