ಟ್ರೇಲರಿನ ವಿದ್ಯುತ್ ಬ್ರೇಕು ಸೊರಗುವುದೇಕೆ?

ಹೇರು ತುಂಬಿದ ಎತ್ತಿನ ಬಂಡಿಯು ಇಳಿಜಾರಿನಲ್ಲಿ ಸಾಗುವಾಗ ಹಿಂದಿನ ಭಾರವು ಎತ್ತುಗಳನ್ನು ಮುಂದಕ್ಕೆ ನೂಕುವುದನ್ನು, ರಜೆಯಲ್ಲಿ ಊರಿಗೆ ಹೋಗಿಬರುವ ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಕಂಡಿರಬಹುದು. ಎಳೆಯಲ್ಪಡಬೇಕಾದುದೇ ಅಲ್ಲಿ ತಳ್ಳತೊಡಗುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಮೋಟಾರು ಗಾಡಿಯ ಹಿಂದೆ ಟ್ರೇಲರು ಕಟ್ಟಿಕೊಂಡು ಹೋಗುವವರ ಭಯವೂ ಇದೇ ಆಗಿದೆ. ಅಲ್ಲಿ ಮನೆಯ ಸಾಮಾನು, ತೋಟದ ಯಂತ್ರ, ಸೌದೆ, ಜಲ್ಲಿ ಮುಂತಾದುವನ್ನು ಜನರು ತಾವೇ ಹೇರಿಕೊಂಡು ಒಯ್ಯುವುದು ವಾಡಿಕೆ. ಒಟ್ಟು ತೂಕ 3,000 ಪೌಂಡು, ಎಂದರೆ ಸುಮಾರು 1,360 ಕಿಲೋಗ್ರಾಂ ಮೀರಿದರೆ ಟ್ರೇಲರಿಗೆ ಸ್ವಂತ ಬ್ರೇಕು ಇರಲೇಬೇಕೆಂದು ಅಲ್ಲಿಯ ಅನೇಕ ರಾಜ್ಯಗಳ ಕಾನೂನು ವಿಧಿಸುತ್ತದೆ. ಆ ಬ್ರೇಕು ಬಹುಮಟ್ಟಿಗೆ ವಿದ್ಯುತ್ತಿನಿಂದ ನಡೆಯುವಂಥದು.

ನಮ್ಮ ಶಾಲೆಯಲ್ಲಿಯೇ ಕಲಿತು ಈಗ ಆ ದೇಶದಲ್ಲಿ ನೆಲಸಿರುವವರೊಬ್ಬರು ನಮ್ಮ ಮುಂದಿಟ್ಟ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. ಅವರ ಟ್ರೇಲರಿನ ಬ್ರೇಕು ಸರಿಯಾಗಿ ಹಿಡಿಯುತ್ತಿರಲಿಲ್ಲ. ಕೊಂಡಿಯ ಬಳಿ ಮೀಟರನ್ನಿಟ್ಟು ನೋಡಿದರೆ 12 ವೋಲ್ಟು ಸರಿಯಾಗಿಯೇ ಬರುತ್ತಿತ್ತು. ಹಾಗಾದರೆ ದೋಷವೆಲ್ಲಿ? ಹತ್ತನೆಯ ತರಗತಿಯ ವಿದ್ಯುತ್ತಿನ ಪಾಠವನ್ನು ಮನಗಂಡವರು ಇದಕ್ಕೆ ಉತ್ತರ ಹೇಳಬಲ್ಲರು ಎಂಬುದು ನಮ್ಮ ನಂಬಿಕೆ.

ಮೊದಲು ಈ ಬ್ರೇಕಿನ ರಚನೆಯನ್ನು ನೋಡೋಣ. ಚಕ್ರದೊಡನೆ ತಿರುಗುವ ಒಂದು ಕಬ್ಬಿಣದ ಡ್ರಮ್ಮು. ಅದರೊಳಗೆ ತಿರುಗದೆ ನಿಂತಿರುವ ಎರಡು ಬ್ರೇಕು ಷೂಗಳು. ಅವುಗಳ ಜೊತೆಗೆ ಒಂದು ಸನ್ನೆಗೋಲು, ಅದರ ತುದಿಯಲ್ಲಿ ಒಂದು ವಿದ್ಯುದಯಸ್ಕಾಂತ. ಚಾಲಕನು ಬ್ರೇಕು ಒತ್ತಿದೊಡನೆ ಅವನ ಬಳಿಯಿರುವ ನಿಯಂತ್ರಕವು ನೀಲಿ ತಂತಿಯ ಮೂಲಕ ಅಯಸ್ಕಾಂತಕ್ಕೆ ವಿದ್ಯುತ್ತನ್ನು ಕಳುಹಿಸುತ್ತದೆ. ಅಯಸ್ಕಾಂತವು ತಿರುಗುತ್ತಿರುವ ಡ್ರಮ್ಮಿನ ಒಳಮುಖಕ್ಕೆ ಅಂಟಿಕೊಂಡು, ಅದು ತಿರುಗುವ ಕಡೆಗೇ ಎಳೆಯಲ್ಪಡುತ್ತದೆ. ಆಗ ಸನ್ನೆಗೋಲು ಹೊರಳಿ ಮುಂದಿನ ಷೂವನ್ನು ಡ್ರಮ್ಮಿಗೆ ಒತ್ತುತ್ತದೆ. ಆ ಷೂ ತಾನೂ ಡ್ರಮ್ಮಿನೊಡನೆ ಜರುಗಲು ಹವಣಿಸಿ ಹಿಂದಿನ ಷೂವನ್ನು ಇನ್ನೂ ಬಲವಾಗಿ ಒತ್ತುತ್ತದೆ.

ಇದರ ಸೊಗಸು ಲೆಕ್ಕ ಹಾಕಿದಾಗಲೇ ತಿಳಿಯುವುದು. 2,000 ಕಿಲೋಗ್ರಾಂ ತೂಕದ ಟ್ರೇಲರು ಗಂಟೆಗೆ 80 ಕಿಲೋಮೀಟರು ವೇಗದಲ್ಲಿದ್ದರೆ ಅದರ ಚಲನಶಕ್ತಿ ಸುಮಾರು 4,94,000 ಜೂಲು. ಅದನ್ನು 5 ಸೆಕೆಂಡಿನಲ್ಲಿ ನಿಲ್ಲಿಸಬೇಕಾದರೆ ಸೆಕೆಂಡಿಗೆ ಸರಾಸರಿ 98,800 ಜೂಲು ಶಕ್ತಿಯನ್ನು ಶಾಖವಾಗಿ ಕಳೆಯಬೇಕು. ನಾಲ್ಕು ಚಕ್ರಗಳ ಅಯಸ್ಕಾಂತಗಳು ಒಟ್ಟಾಗಿ ಬಳಸುವುದಾದರೋ 12 ವೋಲ್ಟಿನಲ್ಲಿ ಸುಮಾರು 12 ಆಂಪೇರು, ಎಂದರೆ ಬರಿಯ 144 ವಾಟು! ವಿದ್ಯುತ್ತು ಇಲ್ಲಿ ಸನ್ನೆ ಮಾಡುವುದಷ್ಟೇ; ಚಕ್ರವನ್ನು ನಿಲ್ಲಿಸುವ ಬಲವು ಆ ಚಕ್ರದ ತಿರುಗುವಿಕೆಯಿಂದಲೇ ಬರುತ್ತದೆ. ಹಾಗೆಂದು ಸನ್ನೆಯು ಕ್ಷೀಣವಾದರೆ ನಡೆಯದು. ಅಯಸ್ಕಾಂತದ ಹಿಡಿತ ಸಡಿಲವಾದಷ್ಟೂ ಮುಂದಿನ ಕೆಲಸವೆಲ್ಲ ಸಡಿಲವಾಗುತ್ತದೆ.

ಈಗ ಮೀಟರಿನ ಒಗಟಿಗೆ ಬರೋಣ. ಪ್ರತಿಯೊಂದು ಅಯಸ್ಕಾಂತದ ರೋಧ ಸುಮಾರು 4 ಓಮ್. ನಾಲ್ಕನ್ನೂ ಸಮಾಂತರವಾಗಿ ಜೋಡಿಸಿರುವುದರಿಂದ ಒಟ್ಟು ರೋಧ 1 ಓಮ್ ಮಾತ್ರ. ದಾರಿಯಲ್ಲೆಲ್ಲೋ ಒಂದು ಕೂಡಿಕೆಯು ತುಕ್ಕು ಹಿಡಿದು ಅಲ್ಲಿ ಅರ್ಧ ಓಮ್ ರೋಧ ಸೇರಿಕೊಂಡಿತೆನ್ನಿ. ಈಗ ಒಟ್ಟು ರೋಧ ಒಂದೂವರೆ ಓಮ್. ಪ್ರವಾಹವು 12ರಿಂದ 8 ಆಂಪೇರಿಗೆ ಇಳಿಯಿತು. ತುಕ್ಕಿನಲ್ಲಿಯೇ 4 ವೋಲ್ಟು ಕರಗಿಹೋಗಿ ಅಯಸ್ಕಾಂತಗಳಿಗೆ ಉಳಿದುದು 8 ವೋಲ್ಟು. ಅವುಗಳಲ್ಲಿ ವ್ಯಯವಾಗುವ ವಿದ್ಯುತ್ತು 144 ವಾಟಿನಿಂದ 64 ವಾಟಿಗೆ ಕುಸಿಯಿತು. ಅರ್ಧ ಓಮ್ ಎಷ್ಟರದೆಂದು ಉಪೇಕ್ಷಿಸುವವರು ಈ ಲೆಕ್ಕವನ್ನು ಒಮ್ಮೆ ತಾವೇ ಮಾಡಿ ನೋಡತಕ್ಕದ್ದು. (1827ರಲ್ಲಿ ಈ ನಿಯಮವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದ ಜಾರ್ಜ್ ಸೈಮನ್ ಓಮ್ ಜರ್ಮನಿಯ ಕೊಲೋನ್ ನಗರದ ಶಾಲೆಯಲ್ಲಿ ಪಾಠ ಹೇಳಿದ ಉಪಾಧ್ಯಾಯರೆಂಬುದನ್ನು ನಾವು ಸ್ವಲ್ಪ ಅಭಿಮಾನದಿಂದಲೇ ನೆನೆಯುತ್ತೇವೆ.)

ಆದರೆ ಕೊಂಡಿಯನ್ನು ಬಿಚ್ಚಿ ಮೀಟರಿನಿಂದ ಅಳೆಯುವಾಗ ಅಯಸ್ಕಾಂತಗಳಿಗೆ ಪ್ರವಾಹವೇ ಹರಿಯುವುದಿಲ್ಲ. ಪ್ರವಾಹವಿಲ್ಲದೆಡೆ ತುಕ್ಕಿನಲ್ಲಿ ವೋಲ್ಟು ಇಳಿಯುವುದೂ ಇಲ್ಲ. ಆದುದರಿಂದಲೇ ಮೀಟರು 12 ಎಂದು ತೋರಿಸುತ್ತದೆ. ನೀರಿನ ಕೊಳಾಯಿಯಲ್ಲಿ ಕಸ ಕಟ್ಟಿದ್ದರೂ ನಲ್ಲಿ ಮುಚ್ಚಿರುವಾಗ ಒತ್ತಡ ಪೂರ್ಣವಾಗಿಯೇ ಇರುತ್ತದೆ. ನಲ್ಲಿ ತಿರುವಿದಾಗಲೇ ಧಾರೆಯು ಸಣ್ಣಗಾಗುವುದು. ಮುಂಬಯಿಯ ಚಾಳುಗಳಲ್ಲಿ ಬೆಳಿಗ್ಗೆ ಕೊಡ ಹಿಡಿದು ನಿಂತವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆದ್ದರಿಂದ ಪರೀಕ್ಷೆಯನ್ನು ಪ್ರವಾಹ ಹರಿಯುತ್ತಿರುವಾಗಲೇ ನಡೆಸಬೇಕು. ಟ್ರೇಲರನ್ನು ಜೋಡಿಸಿ, ನಿಯಂತ್ರಕದ ಕೈಸನ್ನೆಯನ್ನು ಪೂರ್ತಿ ಒತ್ತಿಹಿಡಿದು, ನೀಲಿ ತಂತಿಯ ಮಾರ್ಗದಲ್ಲಿ ಆಂಪೇರು ಮೀಟರನ್ನು ಸೇರಿಸುವುದು ಉತ್ತಮ ವಿಧಾನ. 12 ಆಂಪೇರು ಬರಬೇಕಾದಲ್ಲಿ 9 ಬಂದರೆ ಒಂದು ಚಕ್ರದ ಅಯಸ್ಕಾಂತಕ್ಕೆ ಪ್ರವಾಹವೇ ತಲುಪುತ್ತಿಲ್ಲವೆಂದು ಊಹಿಸಬಹುದು. 8 ಬಂದರೆ ನಾವು ಹೇಳಿದ ತುಕ್ಕಿನಂಥ ಅಡಚಣೆಯಿರಬಹುದು. ಅನಂತರ ವೋಲ್ಟ್ ಮೀಟರಿನ ಎರಡು ತುದಿಗಳನ್ನು ಸಂಶಯವುಳ್ಳ ಕೂಡಿಕೆಯ ಎರಡು ಮಗ್ಗುಲಿಗೂ ಇಟ್ಟು ನೋಡಬೇಕು. ಒಳ್ಳೆಯ ಕೂಡಿಕೆಯಾದರೆ ಮೀಟರು ಸೊನ್ನೆಯ ಹತ್ತಿರವೇ ಇರುತ್ತದೆ. 4 ತೋರಿಸಿದರೆ ಕಳ್ಳನು ಅಲ್ಲಿಯೇ ಸಿಕ್ಕಿದನು.

ಬಹಳ ಸಲ ಈ ಕಳ್ಳನು ಅಡಗಿರುವುದು ಬಿಳಿಯ ತಂತಿಯಲ್ಲಿ. ವಿದ್ಯುತ್ತು ಹೋದರೆ ಸಾಲದು, ಹಿಂದಿರುಗಿ ಬರಲೂ ಬೇಕು. ಆ ಹಿಂದಿರುಗುವ ದಾರಿಯನ್ನು ಜನ ಮರೆಯುತ್ತಾರೆ. ಟ್ರೇಲರಿನ ಚೌಕಟ್ಟಿಗೆ ಅದನ್ನು ಬಿಗಿದ ತಿರುಪು ಮಳೆಗೆ ಸಿಕ್ಕಿ ತುಕ್ಕು ಹಿಡಿಯುತ್ತದೆ. ಕೆಲವರಂತೂ ಬಿಳಿಯ ತಂತಿಯನ್ನೇ ಬಿಟ್ಟು, ಗ್ರೀಸು ಮೆತ್ತಿದ ಕೊಂಡಿಯ ಗುಂಡಿನ ಮೂಲಕವೇ ಪ್ರವಾಹವು ಮರಳಲೆಂದು ಬಿಡುತ್ತಾರೆ. ಇದು ಶುದ್ಧ ಅವಿವೇಕ. ನಮ್ಮನ್ನು ಕೇಳಿದವರ ಟ್ರೇಲರಿನಲ್ಲಿಯೂ ದೋಷವು ಈ ತಿರುಪಿನಲ್ಲಿಯೇ ಇದ್ದಿತು. ಅದನ್ನು ಬಿಚ್ಚಿ, ಲೋಹವು ಹೊಳೆಯುವಂತೆ ಉಜ್ಜಿ, ಮತ್ತೆ ಬಿಗಿದ ಮೇಲೆ ಪ್ರವಾಹವು ಸರಿಹೋಯಿತು.

ದಿಕ್ಸೂಚಿಯನ್ನು ಚಕ್ರದ ಒಳಮಗ್ಗುಲಿಗೆ ಹಿಡಿದು ಬ್ರೇಕು ಒತ್ತಿಸಿದರೆ ಮುಳ್ಳು ಓಲಾಡುವುದನ್ನು ನೋಡುವುದೂ ಒಂದು ಉಪಾಯ. ಆದರೆ ಅದರಿಂದ ಪ್ರವಾಹವಿದೆಯೆಂದು ತಿಳಿಯುವುದೇ ಹೊರತು ಸಾಕಷ್ಟಿದೆಯೇ ಎಂಬುದು ತಿಳಿಯದು.

ಪ್ರವಾಹವು ಪೂರ್ಣವಾಗಿದ್ದೂ ಬ್ರೇಕು ಸೊರಗಿದ್ದರೆ ತಂತಿಗಳನ್ನು ಬಿಟ್ಟು ಡ್ರಮ್ಮಿನೊಳಗೆ ನೋಡಬೇಕು. ಷೂಗಳು ಸವೆದು ಡ್ರಮ್ಮಿನಿಂದ ದೂರ ಸರಿದಿರುವುದೇ ಸಾಮಾನ್ಯ ಕಾರಣ. ಒಳಗಿರುವ ಹಲ್ಲುಚಕ್ರವನ್ನು ತಿರುಗಿಸಿ ಚಕ್ರವು ಬಿಗಿಯಾಗುವವರೆಗೆ ಷೂಗಳನ್ನು ಹತ್ತಿರ ತಂದು, ಮತ್ತೆ ಸ್ವಲ್ಪ ಸಡಿಲಿಸಬೇಕು. ತಾವೇ ಸರಿಹೊಂದಿಕೊಳ್ಳುವ ಮಾದರಿಗಳೂ ಈಗ ಇವೆ. ಉಳಿದವುಗಳಿಗೆ ಸುಮಾರು 3,000 ಮೈಲಿಗೊಮ್ಮೆ ಈ ಆರೈಕೆ ಬೇಕು. ಲೈನಿಂಗಿಗೆ ಗ್ರೀಸು ಹಿಡಿದಿದ್ದರೆ ತೊಳೆದು ಪ್ರಯೋಜನವಿಲ್ಲ, ಬದಲಾಯಿಸಲೇಬೇಕು. ಅಯಸ್ಕಾಂತದ ಮುಖವು ಸವೆದು ಒಳಗಿನ ತಾಮ್ರದ ಸುರುಳಿ ಕಾಣುತ್ತಿದ್ದರೆ ಅದರ ಆಯುಸ್ಸು ಮುಗಿಯಿತೆಂದೇ ತಿಳಿಯತಕ್ಕದ್ದು. ಗಿಡ್ಡ ಲೈನಿಂಗಿನ ಷೂ ಮುಂದಿರಬೇಕು. ಅದಲುಬದಲಾದರೆ ಎಲ್ಲವೂ ಹೊಸದಾಗಿದ್ದರೂ ಬ್ರೇಕು ಹಿಡಿಯದು. ಹಳೆಯ ಲೈನಿಂಗಿನ ಧೂಳಿನಲ್ಲಿ ಕಲ್ನಾರು ಇರುವ ಸಂಭವವುಂಟು, ಅದನ್ನು ಊದಿ ಹಾರಿಸಬಾರದು.

ಕೊನೆಗೆ ಜನಸಂಚಾರವಿಲ್ಲದ ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 30ರಿಂದ 40 ಕಿಲೋಮೀಟರು ವೇಗದಲ್ಲಿ ಸಾಗಿ ಕೈಸನ್ನೆಯಿಂದ ಟ್ರೇಲರಿನ ಬ್ರೇಕನ್ನಷ್ಟೇ ಒತ್ತಬೇಕು. ಟ್ರೇಲರು ಹಿಂದಿನಿಂದ ಗಾಡಿಯನ್ನು ಹಿಡಿದೆಳೆದಂತೆ ಅನ್ನಿಸಬೇಕು. ಚಕ್ರಗಳು ಕಚ್ಚಿಕೊಂಡು ಜಾರಿದರೆ ನಿಯಂತ್ರಕದ ಬಲವನ್ನು ಸ್ವಲ್ಪ ತಗ್ಗಿಸಬೇಕು.