ಕಂಬಕ್ಕೆ ಒಂದು ಗೇಣು ಏರಿದ ನೀರು

ಬೆಂಗಳೂರಿನ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಮೇಲೆ ಸಂಜೆ ಒಂದು ಗಂಟೆ ಬಿರುಮಳೆ ಬಿದ್ದರೆ, ಕೆಂಗೇರಿ ತಲುಪುವ ಹೊತ್ತಿಗೆ ವೃಷಭಾವತಿ ಬೇರೆಯೇ ನದಿಯಾಗಿರುತ್ತದೆ. ತಾರಸಿ, ಡಾಂಬರು, ಸಿಮೆಂಟು ಅಂಗಳ ಯಾವುದೂ ನೀರನ್ನು ಇಂಗಗೊಡುವುದಿಲ್ಲ. ರಾಜಕಾಲುವೆಗಳೆಲ್ಲ ಒಟ್ಟಿಗೇ ತಂದು ಸುರಿಯುತ್ತವೆ. ನೊರೆಗಟ್ಟಿದ ಕಪ್ಪು ನೀರು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ದಡದ ಹರಳು ಗಿಡಗಳು ಮುಳುಗುತ್ತವೆ, ಬೆಳ್ಳಕ್ಕಿಗಳು ತಡೆಗೋಡೆಯ ಮೇಲೇರಿ ಕೂರುತ್ತವೆ. ಆಗ ಸೇತುವೆಯ ಮೇಲೆ ನಿಂತು ನಾನು ಗಮನಿಸುವುದು ಕಂಬಗಳ ಸುತ್ತಲಿನ ನೀರನ್ನು.

ಎದುರುಮುಖಕ್ಕೆ ಬಡಿದ ನೀರು ಅಲ್ಲೇ ತಡೆದು ಮೇಲಕ್ಕೇರುತ್ತದೆ. ಕಂಬದ ಹಿಂದುಗಡೆ ತಗ್ಗಾಗಿ ಸುಳಿಯುತ್ತದೆ. ಕಂಬವನ್ನು ನೀರು ಎಷ್ಟು ತಳ್ಳುತ್ತಿದೆ ಎಂಬುದು ಈ ಏರುತಗ್ಗಿನಲ್ಲೇ ಕಾಣುತ್ತದೆ. ಏರಿಕೆ ಒಂದು ಗೇಣು, ಅಂದರೆ 20 ಸೆಂಟಿಮೀಟರ್‌ನಷ್ಟಿದ್ದರೆ ಹರಿವಿನ ವೇಗ ಸೆಕೆಂಡಿಗೆ ಸುಮಾರು 2 ಮೀಟರ್. ಅದು ಎದುರುಮುಖದ ಪ್ರತಿ ಚದರ ಮೀಟರಿಗೆ 200 ಕಿಲೋ ಭಾರದಷ್ಟು ಒತ್ತುತ್ತದೆ. ವೇಗ 4 ಮೀಟರ್ ಆದರೆ ಏರಿಕೆ ನಾಲ್ಕು ಗೇಣು, ಒತ್ತಡ 800 ಕಿಲೋ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟಾಗುತ್ತದೆ.

ಕೊಂಬೆ, ತೆಂಗಿನ ಗರಿ, ಪ್ಲಾಸ್ಟಿಕ್ ಚೀಲ, ಹರಿದ ಹಾಸಿಗೆ ಬಂದು ಸಿಕ್ಕಿಕೊಂಡರೆ ಕಂಬ ನೀರಿಗೆ ಇನ್ನಷ್ಟು ಅಗಲವಾಗುತ್ತದೆ. ನೆರೆ ಇಳಿದ ಮೇಲೆ ಬುಡ ನೋಡಬೇಕು. ಎದುರುಮುಖದಿಂದ ಕೆಳಕ್ಕಿಳಿದ ನೀರು ಸುಳಿಯಾಗಿ ತಿರುಗಿ ಮಣ್ಣು ಕೊರೆದಿರುತ್ತದೆ; ಹಿಂದುಗಡೆ ಮರಳು ಗುಡ್ಡೆಯಾಗಿರುತ್ತದೆ. ಗಟ್ಟಿಮುಟ್ಟಾದ ಸೇತುವೆಯೂ ಉರುಳುವುದು ಹೆಚ್ಚಾಗಿ ಹೀಗೆ ಬುಡ ಸಡಿಲಗೊಂಡೇ.

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿಗೆ ಸುನಾಮಿ ಬಾರದು. ಆದರೆ ದಡ ಹತ್ತಿದ ಸುನಾಮಿಯ ನಡೆ ಈ ನೆರೆಯಂತೆಯೇ. ಸಾಮಾನ್ಯ ಅಲೆ ಸೆಕೆಂಡುಗಳಲ್ಲಿ ಬಡಿದು ಮರಳುತ್ತದೆ. ಸುನಾಮಿ ನಿಮಿಷಗಟ್ಟಲೆ ನೆರೆಯಂತೆ ಒಳನುಗ್ಗುತ್ತದೆ, ಹಿಂದಿರುಗುವಾಗ ಮತ್ತೆ ಎಳೆಯುತ್ತದೆ. ಎಂಜಿನಿಯರುಗಳು ಪ್ರಯೋಗಾಲಯದ ಕಾಲುವೆಯಲ್ಲಿ ಗೇಟಿನ ಹಿಂದೆ ನೀರು ಕಟ್ಟಿ, ಒಮ್ಮೆಗೇ ಬಿಟ್ಟು, ಮಾದರಿ ಕಟ್ಟಡದ ಮೇಲಿನ ಬಲ ಅಳೆಯುತ್ತಾರೆ. ನೀರಿನ ಆಳವನ್ನು ವೇಗದ ವರ್ಗದಿಂದ ಗುಣಿಸುವುದೇ ಅವರ ಲೆಕ್ಕದ ತಿರುಳು. ತೇಲಿಬಂದ ಮರ, ದೋಣಿ, ಕಾರುಗಳ ಹೊಡೆತ, ಕೆಳಗಿನಿಂದ ಎತ್ತುವ ತೇಲುಬಲ, ಬುಡದ ಕೊರೆತ ಇವೆಲ್ಲ ಅದಕ್ಕೆ ಸೇರುತ್ತವೆ.

2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಇಂಡೋನೇಷ್ಯಾದ ಅಚೆ ಪ್ರಾಂತ್ಯದಲ್ಲಿ ಸುತ್ತಲ ಮನೆಗಳೆಲ್ಲ ಕೊಚ್ಚಿಹೋದರೂ ಹಲವು ಮಸೀದಿಗಳು ಉಳಿದವು. ಕೆಳಅಂತಸ್ತಿನಲ್ಲಿ ಗೋಡೆಯ ಬದಲು ಕಂಬಗಳ ಸಾಲಿದ್ದದ್ದರಿಂದ ನೀರು ನಡುವೆ ಹಾದುಹೋಯಿತು. ಅರಬ್ಬಿ ಸಮುದ್ರವೂ ಸುನಾಮಿ ಅರಿಯದ ಕಡಲಲ್ಲ: 1945ರ ನವೆಂಬರ್ 28ರಂದು ಮಕ್ರಾನ್ ಕರಾವಳಿಯ ಭೂಕಂಪ ಎಬ್ಬಿಸಿದ ಅಲೆ ಮುಂಬಯಿಯವರೆಗೂ ಬಂದಿತ್ತು. ಕಾರವಾರ, ಮಲ್ಪೆ, ಮಂಗಳೂರುಗಳ ದಡದಲ್ಲಿ ಕಟ್ಟುವವರು ಇದನ್ನು ಮರೆಯಬಾರದು.

ನೀರಿಗೆ ಹಾದುಹೋಗಲು ಜಾಗ ಬಿಡಬೇಕೆಂಬ ಮಾತು ನಮ್ಮ ವೃಷಭಾವತಿಗೂ ಸಲ್ಲುತ್ತದೆ. ಎರಡೂ ಕಡೆ ಗೋಡೆ ಎಬ್ಬಿಸಿ ನದಿಯನ್ನು ಕಿರಿದು ಮಾಡಿದಷ್ಟೂ ನೀರಿನ ವೇಗ ಹೆಚ್ಚುತ್ತದೆ, ಗೋಡೆಯ ಬುಡ ಕೊರೆಯುತ್ತದೆ. ಪ್ರತಿ ಸೇತುವೆಗೂ ಒಂದು ಅಳತೆಪಟ್ಟಿ ಬರೆಸಬೇಕು, ಮಳೆಗಾಲಕ್ಕೆ ಮುಂಚೆಯೇ ಕಂಬಗಳಿಗೆ ಸಿಕ್ಕ ಕಸ ತೆಗೆಸಬೇಕು, ನೆರೆ ಇಳಿದಾಗಲೆಲ್ಲ ಬುಡ ಪರೀಕ್ಷಿಸಬೇಕು. ಎಲ್ಲಕ್ಕಿಂತ ಮೊದಲು ನದಿಗೆ ಅದರ ಅಗಲವನ್ನು ಬಿಟ್ಟುಕೊಡಬೇಕು.